ಸಿಸ್ಟರ್ ಅಂಕಣ: ಶೀಟ್ ಮನೆ, ಸಣ್ಣ ಕೂಸು, ಬಾಗಿಲು ತಟ್ಟೋ ಆಶಾ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಬಸುರಿ, ಬಾಣಂತಿ, ಹಸುಗೂಸಿನ ಬಗ್ಗೇನೇ ಇವೆ, ಅದೂ ಬೆಂಗಳೂರಿನ ಸ್ಲಂಗಳಿಂದ, ಕಟ್ಟಡ ಕೆಲಸದ ಶೆಡ್‌ಗಳಿಂದ. ನಾನು ಎಎನ್‌ಎಂ, ಅಂದ್ರೆ ಸರ್ಕಾರಿ ಆರೋಗ್ಯ ಕೇಂದ್ರದ ಸಿಸ್ಟರ್ ಆಗಿ ಇದೇ ಥರದ ಗಲ್ಲಿಗಳಲ್ಲಿ ಲಸಿಕೆ ಡಬ್ಬ ಹೆಗಲಿಗೆ ಹಾಕ್ಕೊಂಡು ವರ್ಷಗಟ್ಟಲೆ ಓಡಾಡಿದವಳು, ಹಾಗಾಗಿ ಇವತ್ತು ಬೇರೆ ಪ್ರಶ್ನೆಗಳನ್ನ ಪಕ್ಕಕ್ಕಿಟ್ಟು ಇವಕ್ಕೇ ಉತ್ತರ ಬರೀತೀನಿ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ಪೀಣ್ಯ ಕಡೆ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮೊದಲನೇ ಬಸುರು, ಈಗ ಐದು ತಿಂಗಳು. ರಕ್ತ (ಹಿಮೋಗ್ಲೋಬಿನ್) 8.4 ಇದೆ ಅಂತ ಕಬ್ಬಿಣದ ಮಾತ್ರೆ ದಿನಕ್ಕೆ ಎರಡು ಬರೆದುಕೊಟ್ಟಿದ್ದಾರೆ. ಬೆಳಿಗ್ಗೆ ಟೀ ಜೊತೆ ನುಂಗಿ ಬಸ್ ಹತ್ತಿದ್ರೆ ಹೊಟ್ಟೆ ತೊಳಸುತ್ತೆ, ವಾಂತಿ ಬರುತ್ತೆ, ಮಲ ಕಪ್ಪಗೆ ಹೋಗುತ್ತೆ. ನಮ್ಮತ್ತೆ ಈ ಮಾತ್ರೆಯಿಂದ ಮಗು ಕಪ್ಪಾಗುತ್ತೆ, ದಪ್ಪ ಆಗಿ ಆಪರೇಷನ್ ಆಗುತ್ತೆ ಅಂತಾರೆ. ಬಿಟ್ಟುಬಿಡಲಾ?

ಉತ್ತರ: ಬಿಡಬೇಡಮ್ಮ. ಮೊದಲು ಆ ಟೀ ಬಿಡು, ಅಂದ್ರೆ ಮಾತ್ರೆ ಜೊತೆಗಿನ ಟೀ. ಟೀ, ಕಾಫಿ ಕಬ್ಬಿಣವನ್ನ ಹೊಟ್ಟೆಯಲ್ಲೇ ಹಿಡ್ಕೊಂಡುಬಿಡುತ್ತೆ, ರಕ್ತಕ್ಕೆ ಸೇರೋಕೆ ಬಿಡಲ್ಲ, ಆಮೇಲೆ ನೀನು ವಾಂತಿ ಪಟ್ಟಿದ್ದೂ ದಂಡ, ಮಾತ್ರೆಯೂ ದಂಡ. ಒಂದು ಮಾತ್ರೆ ಮಧ್ಯಾಹ್ನ ಊಟ ಆದ್ಮೇಲೆ ತಗೋ, ಇನ್ನೊಂದು ರಾತ್ರಿ ಊಟ ಆಗಿ ಒಂದು ಗಂಟೆ ಬಿಟ್ಟು ಮಲಗೋ ಮುಂಚೆ ತಗೋ, ನಿಂಬೆಹಣ್ಣಿನ ನೀರಿನ ಜೊತೆ ಆದ್ರೆ ಇನ್ನೂ ಒಳ್ಳೇದು, ನಿದ್ದೆ ಹೋದ್ರೆ ಹೊಟ್ಟೆ ತೊಳಸೋದು ಗೊತ್ತೇ ಆಗಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಟ್ಟಿರ್ತಾರೆ, ಎರಡನ್ನೂ ಒಟ್ಟಿಗೆ ನುಂಗಬಾರದು, ಎರಡು ಗಂಟೆಯಾದ್ರೂ ಗ್ಯಾಪ್ ಇರಲಿ. ಮಲ ಕಪ್ಪಗೆ ಹೋಗೋದು ಮಾತ್ರೆಯ ಕಬ್ಬಿಣದಿಂದ, ಹೆದರಬೇಡ.

ನಿಮ್ಮತ್ತೆ ಕೆಟ್ಟದ್ದು ಬಯಸಿ ಹೇಳ್ತಿಲ್ಲ, ಅವರ ಕಾಲದಲ್ಲಿ ಯಾರೋ ಅವರಿಗೆ ಹಂಗೇ ಹೇಳಿರ್ತಾರೆ. ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರೋದು, ಮಾತ್ರೆಯಿಂದ ಅಲ್ಲ. ಅವರಿಗೆ ಇನ್ನೊಂದು ಮಾತೂ ಹೇಳು. ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಹೋದ್ರೆ 12 ಇರೋಳು ಹೆಂಗೋ ತಡ್ಕೋತಾಳೆ, 7 ಇರೋಳಿಗೆ ಅಷ್ಟೇ ರಕ್ತ ಹೋದ್ರೂ ಜೀವಕ್ಕೇ ಅಪಾಯ. ಬಸುರಿಗೆ 11 ಇರಬೇಕು, ನಿಂಗೆ ಇನ್ನೂ ನಾಲ್ಕು ತಿಂಗಳು ಟೈಮ್ ಇದೆ, ಏರಿಸ್ಕೋಬಹುದು. ತಿಂಗಳಿಗೊಂದ್ಸಲ ರಕ್ತ ಟೆಸ್ಟ್ ಮಾಡಿಸು, ಒಂದು ತಿಂಗಳು ಸರಿಯಾಗಿ ನುಂಗಿಯೂ ಒಂದು ಪಾಯಿಂಟ್ ಕೂಡ ಏರಿಲ್ಲ ಅಂದ್ರೆ ಡ್ರಿಪ್‌ನಲ್ಲಿ ಕಬ್ಬಿಣ ಹಾಕ್ತಾರೆ, ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ, ನೀನೇ ಬಾಯಿ ಬಿಟ್ಟು ಕೇಳು. ರಾಗಿ ಮುದ್ದೆ, ನುಗ್ಗೆ ಸೊಪ್ಪು, ಕಾಳು, ಮೊಟ್ಟೆ ಎಲ್ಲಾ ತಿನ್ನು, ಆದ್ರೆ ಸೊಪ್ಪು ತಿಂತಿದೀನಿ ಮಾತ್ರೆ ಬೇಡ ಅನ್ನೋ ಲೆಕ್ಕ ಮಾಡಬೇಡ, 8.4 ಅನ್ನೋದು ಬರೀ ಸೊಪ್ಪಿನಿಂದ ಏರೋದಲ್ಲ.

ನಾನು ಕಣ್ಣಾರೆ ಕಂಡಿದ್ದೊಂದು ಹೇಳ್ತೀನಿ. ಒಂದು ಮನೆಯಲ್ಲಿ ಎಂಟು ತಿಂಗಳ ಬಸುರಿ, ರಿಜಿಸ್ಟರ್‌ನಲ್ಲಿ 180 ಮಾತ್ರೆ ಕೊಟ್ಟಿದೆ ಅಂತ ನಾನೇ ಬರೆದಿದ್ದೆ, ರಕ್ತ ಮಾತ್ರ ಇಳೀತಾನೇ ಇತ್ತು. ಒಂದಿನ ಅವಳ ಮನೇಲಿ ಕೂತು ನೀರು ಕೇಳಿದೆ, ಅವಳು ಲೋಟ ತೆಗೆಯೋಕೆ ಅಂತ ಅಕ್ಕಿ ಡಬ್ಬ ಸರಿಸಿದ್ಳು, ಅದರ ಹಿಂದೆ ಸ್ಟ್ರಿಪ್‌ಗಳು ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿಟ್ಟಿತ್ತು, ಒಂದೂ ಒಡೆದಿರಲಿಲ್ಲ. ಬಿಸಾಕೋಕೆ ಮನಸ್ಸು ಬರಲಿಲ್ಲ ಸಿಸ್ಟರ್, ನುಂಗೋಕೂ ಆಗಲಿಲ್ಲ ಅಂದ್ಳು. ಅವತ್ತಿಂದ ನಾನು ಮಾತ್ರೆ ಕೊಟ್ಟಿದ್ದನ್ನ ಲೆಕ್ಕ ಹಾಕೋದು ಬಿಟ್ಟು ಖಾಲಿ ಸ್ಟ್ರಿಪ್ ತೋರಿಸಿ ಅಂತ ಕೇಳೋಕೆ ಶುರು ಮಾಡಿದೆ, ನಿಮ್ಮ ಏರಿಯಾದ ಆಶಾ ಕಾರ್ಯಕರ್ತೆ ಹಂಗೆ ಕೇಳಿದ್ರೆ ಬೇಜಾರು ಮಾಡ್ಕೋಬೇಡ.

ಇನ್ನೊಂದು, ನಿಂಗೆ ಇಎಸ್‌ಐ (ಕಾರ್ಮಿಕರ ವಿಮೆ) ಇದ್ರೆ ಅದರ ಕಾರ್ಡ್ ಈಗಲೇ ಸರಿ ಮಾಡ್ಕೋ. ಮೊದಲೆರಡು ಮಕ್ಕಳಿಗೆ 26 ವಾರ ಸಂಬಳದ ರಜೆ ನಿನ್ನ ಹಕ್ಕು, ಎಂಟನೇ ತಿಂಗಳಲ್ಲಿ ರಾಜೀನಾಮೆ ಬರೆದುಕೊಡು ಅಂತ ಯಾರಾದ್ರೂ ಅಂದ್ರೆ ಬರೆದುಕೊಡಬೇಡ. ಹೆಲ್ತ್ ಸೆಂಟರ್ ಮುಚ್ಚೋ ಹೊತ್ತಿಗೆ ನಿಮ್ಮ ಶಿಫ್ಟ್ ಬಿಟ್ಟಿರಲ್ಲ ಅನ್ನೋದು ನಂಗೆ ಗೊತ್ತು. ದುಡಿಯೋ ಹೆಂಗಸರಿಗೆ ಸಂಜೆ ಹೊತ್ತು ತಪಾಸಣೆ ಇಡಬೇಕು, ಇದನ್ನ ನಾನು ಕೆಲಸದಲ್ಲಿದ್ದಾಗ ಪ್ರತಿ ಮೀಟಿಂಗ್‌ನಲ್ಲೂ ಹೇಳಿದೀನಿ, ಈಗಲೂ ಹೇಳ್ತೀನಿ.

ಪ್ರಶ್ನೆ: ನಾವು ಯಾದಗಿರಿ ಕಡೆಯವರು, ಕಟ್ಟಡ ಕೆಲಸಕ್ಕೆ ಬಂದು ವೈಟ್‌ಫೀಲ್ಡ್ ಹತ್ರ ಶೆಡ್ ಹಾಕ್ಕೊಂಡಿದೀವಿ. ನನ್ನ ಹೆಂಡತಿಗೆ ಆರು ತಿಂಗಳು. ತಾಯಿ ಕಾರ್ಡ್ ಊರಲ್ಲಿ ಮಾಡಿಸಿದ್ದು. ಇಲ್ಲಿ ಅದು ನಡೆಯಲ್ಲ ಅಂತಾರೆ, ನಮ್ಮ ಶೆಡ್ ಕಡೆ ಯಾವ ಆಶಾನೂ ಬರಲ್ಲ. ಏನ್ ಮಾಡೋದ್ರಿ?

ಉತ್ತರ: ನಡೆಯುತ್ತೆ. ತಾಯಿ ಕಾರ್ಡ್ ಯಾವ ಜಿಲ್ಲೇದಾದ್ರೂ ಎಲ್ಲಾ ಕಡೆ ನಡೆಯಲೇಬೇಕು, ಅದರ ಮೇಲೆ ಒಂದು ಉದ್ದ ನಂಬರ್ ಇರುತ್ತಲ್ಲ, ಆರ್‌ಸಿಎಚ್ ನಂಬರ್ ಅಂತಾರೆ, ಅದನ್ನ ಹಾಕಿದ್ರೆ ಯಾದಗಿರಿಯಲ್ಲಿ ಮಾಡಿಸಿರೋ ನೋಂದಣಿ ಇಲ್ಲೂ ಸಿಗುತ್ತೆ. ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೆಂಡ್ತಿನ ಕರ್ಕೊಂಡು ಹೋಗಿ, ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೇ ಅಂತ ಡಾಕ್ಟರ್ ತಪಾಸಣೆ ಇರುತ್ತೆ, ಆ ದಿನ ಒಂದು ಕೂಲಿ ಹೋದ್ರೂ ಪರವಾಗಿಲ್ಲ ಹೋಗಿ. ಬಿಪಿ, ರಕ್ತ, ಮೂತ್ರ, ತೂಕ ಇಷ್ಟೂ ಆಗಬೇಕು, ಬಿಪಿ ನೋಡದೆ ಬರೀ ಮಾತ್ರೆ ಕೊಟ್ಟು ಕಳಿಸಿದ್ರೆ ಬಿಪಿ ನೋಡ್ರಿ ಅಂತ ನೀವೇ ಕೇಳ್ರಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಆಪರೇಷನ್, ಔಷಧಿ, ರಕ್ತ, ಊಟ, ಹೋಗಿ ಬರೋ ಗಾಡಿ ಎಲ್ಲಾ ಉಚಿತ, 2011ರಿಂದ ಇರೋ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಅದು, ಅದಕ್ಕೆ ಬೆಂಗಳೂರು ವಿಳಾಸ ಬೇಕಾಗಿಲ್ಲ.

ಆಶಾ ಯಾಕೆ ಬರಲ್ಲ ಅಂದ್ರೆ, ನಗರದಲ್ಲಿ ಒಬ್ಬ ಆಶಾಗೆ 1,000ದಿಂದ 2,500 ಜನ ಅಂತ ಲೆಕ್ಕ ಹಾಕಿ ಏರಿಯಾ ಹಂಚಿರ್ತಾರೆ, ಆ ಹಂಚಿಕೆ ಆಗಿರೋದು ಲಿಸ್ಟ್‌ನಲ್ಲಿರೋ ಮನೆಗಳಿಗೆ. ಘೋಷಿತ ಸ್ಲಂ ಆದ್ರೆ ಸ್ಲಂ ಬೋರ್ಡ್ ಲಿಸ್ಟ್‌ನಲ್ಲಿ ಇರುತ್ತೆ. ಯಾರದೋ ಖಾಲಿ ಸೈಟಲ್ಲಿ ನೀಲಿ ಟಾರ್ಪಾಲ್ ಹೊದಿಸಿರೋ ನಿಮ್ಮ ಶೆಡ್ ಯಾವ ಲಿಸ್ಟ್‌ನಲ್ಲೂ ಇಲ್ಲ, ಕಟ್ಟಡ ಮುಗಿದ ಮೇಲೆ ನೀವು ಇನ್ನೊಂದು ಕಡೆ ಹೋಗ್ತೀರಿ, ಮ್ಯಾಪ್‌ಗೆ ನೀವು ಸಿಗೋದೇ ಇಲ್ಲ. ಹಾಗಂತ ಬಿಟ್ಟುಬಿಡೋ ಹಂಗಿಲ್ಲ. ನಿಮ್ಮ ಶೆಡ್‌ಗಳಲ್ಲಿ ಎಷ್ಟು ಬಸುರಿಯರಿದ್ದಾರೆ, ಐದು ವರ್ಷದೊಳಗಿನ ಮಕ್ಕಳು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು, ಮೇಸ್ತ್ರಿ ಫೋನ್ ನಂಬರ್ ಹಾಕಿ ಹೆಲ್ತ್ ಸೆಂಟರ್ ಡಾಕ್ಟರ್ ಕೈಗೇ ಕೊಡಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತೆ, ಹಾಳೆ ಟೇಬಲ್ ಮೇಲೆ ಉಳಿಯುತ್ತೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಏಳು ತಿಂಗಳ ಒಬ್ಬ ಬಸುರಿ ಮನೆಗೆ ಎರಡು ಸಲ ಹೋದೆ, ಎರಡು ಸಲವೂ ಬೀಗ. ಪಕ್ಕದ ಮನೆಯವರು ತವರಿಗೆ ಹೋಗಿರಬೇಕು ಅಂದ್ರು, ನಾನು ರಿಜಿಸ್ಟರ್‌ನಲ್ಲಿ ಊರಿಗೆ ಹೋಗಿದ್ದಾರೆ ಅಂತ ಬರೆದು ಮುಚ್ಚಿದೆ. ಅವಳು ಎಲ್ಲೂ ಹೋಗಿರಲಿಲ್ಲ, ಮನೆಕೆಲಸಕ್ಕೆ ಹೋಗ್ತಿದ್ಳು, ಸಂಜೆ ಏಳಕ್ಕೆ ಬರ್ತಿದ್ಳು ಅಷ್ಟೆ. ಅವಳಿಗೆ ಬಿಪಿ ಏರಿ ಫಿಟ್ಸ್ ಬಂದು ಆಸ್ಪತ್ರೆ ಸೇರಿದಾಗಲೇ ನಂಗೆ ಗೊತ್ತಾಗಿದ್ದು. ಅವಳು ಉಳಿದ್ಳು, ಮಗು ಉಳೀಲಿಲ್ಲ. ಆ ಒಂದು ಸಾಲು ಇವತ್ತಿಗೂ ನನ್ನ ಕಣ್ಮುಂದೆ ಇದೆ. ಅದಕ್ಕೇ ಹೇಳೋದು, ಹೆರಿಗೆಗೆ ಊರಿಗೆ ಹೋಗೋದಾದ್ರೆ ಹೋಗೋ ಮುಂಚೆ ಇಲ್ಲಿನ ಸಿಸ್ಟರ್‌ಗೆ ಹೇಳಿ, ಊರು ಮುಟ್ಟಿದ ವಾರದೊಳಗೆ ಅಲ್ಲಿನ ಆಶಾಗೆ ಕಾರ್ಡ್ ತೋರಿಸಿ. ಎಂಟನೇ ತಿಂಗಳಲ್ಲಿ ಇಲ್ಲೂ ಇಲ್ಲ ಅಲ್ಲೂ ಇಲ್ಲ ಅನ್ನೋ ಹಂಗೆ ಆಗಬಾರದು, ಅಪಾಯ ಬರೋದು ಆಗಲೇ. ಕೈ, ಮುಖ ಊದಿಕೊಳ್ಳೋದು, ತಲೆ ಸಿಡಿಯೋದು, ಕಣ್ಣು ಮಂಜಾಗೋದು, ರಕ್ತ ಹೋಗೋದು, ಮಗು ಅಲುಗಾಡದೆ ಇರೋದು, ಇದರಲ್ಲಿ ಯಾವುದಾದ್ರೂ ಒಂದು ಕಂಡ್ರೂ ರಾತ್ರಿ ಆಗಲಿ ಹಗಲಾಗಲಿ 108ಕ್ಕೆ ಫೋನ್ ಮಾಡಿ. ಕಾರ್ಡ್, ಸ್ಕ್ಯಾನ್ ರಿಪೋರ್ಟ್, ಆಧಾರ್ ಮೂರನ್ನೂ ಒಂದೇ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಶೆಡ್ಡಿನ ಕಂಬಕ್ಕೆ ಎತ್ತರದಲ್ಲಿ ಕಟ್ಟಿ, ಇಲಿ ಕಡಿದ ಕಾರ್ಡ್‌ಗಳನ್ನ ನಾನು ಎಷ್ಟೋ ನೋಡಿದೀನಿ.

ಲೇಬರ್ ಕಾರ್ಡ್ ಇದ್ದು ಹೆಂಡತಿಯೂ ನೋಂದಣಿ ಆಗಿರೋ ಕಾರ್ಮಿಕಳಾದ್ರೆ ಹೆರಿಗೆ ಸಹಾಯಧನ ಇದೆ, ಅದನ್ನೂ ವಿಚಾರಿಸಿ.

ಪ್ರಶ್ನೆ: ನನ್ನ ಮಗಳಿಗೆ 12 ದಿನದ ಹಿಂದೆ ಹೆರಿಗೆಯಾಯ್ತು. ಕೂಸು 1.9 ಕೆಜಿ. ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ. ಎಣ್ಣೆ ಸ್ನಾನ ಮಾಡಿಸಬೇಡಿ ಅಂತಾರೆ, ಸಾಂಬ್ರಾಣಿ ಹೊಗೆ ಬೇಡ ಅಂತಾರೆ, ಹಾಗಾದ್ರೆ ಕೂಸಿಗೆ ಮೈ ಬಲಿಯೋದು ಹೇಗೆ? ನಮ್ಮದು ಶೀಟ್ ಮನೆ, ರಾತ್ರಿ ಥಂಡಿ.

ಉತ್ತರ: ಅಜ್ಜಿ, ನಿಮ್ಮ ಕೈಯಲ್ಲಿ ಎಷ್ಟೋ ಕೂಸುಗಳು ಬೆಳೆದಿರ್ತವೆ, ಆ ಕೈಯೇ ಈಗ ಈ ಕೂಸಿಗೂ ಬೇಕು, ಆದ್ರೆ ಇದು ಬೇರೆ ಥರದ ಕೂಸು. 2.5 ಕೆಜಿಗಿಂತ ಕಡಿಮೆ ಇರೋ ಮಗುವಿನ ಮೈಮೇಲೆ ಕೊಬ್ಬು ಇರಲ್ಲ, ಹಂಡೆ ನೀರು ಹಾಕಿ ತಿಕ್ಕಿ ತೊಳೆದು ಒರೆಸೋ ಹೊತ್ತಿಗೆ ಮೈ ತಣ್ಣಗಾಗುತ್ತೆ, ತಣ್ಣಗಾದ ಮಗು ಹಾಲು ಚೀಪೋದು ಬಿಡುತ್ತೆ. 2 ಕೆಜಿ ದಾಟಿ ಡಾಕ್ಟರ್ ಸರಿ ಅನ್ನೋವರೆಗೂ ಸ್ನಾನ ಬೇಡ, ಉಗುರು ಬೆಚ್ಚಗಿನ ನೀರಲ್ಲಿ ಬಟ್ಟೆ ಹಿಂಡಿ ಒರೆಸಿ. ಹೊಗೆ ಖಂಡಿತ ಬೇಡ, ಹತ್ತಡಿ ಶೀಟ್ ಮನೆ, ಕಿಟಕಿ ಇಲ್ಲ, ಕೆಂಡದ ಹೊಗೆ ಆ ಕೂಸಿನ ಎದೆಯಲ್ಲೇ ಕೂರುತ್ತೆ. ಜೇನುತುಪ್ಪ, ಸಕ್ಕರೆ ನೀರು, ಬಜೆ, ಹರಳೆಣ್ಣೆ, ಗ್ರೈಪ್ ವಾಟರ್ ಯಾವುದೂ ಬಾಯಿಗೆ ಹಾಕಬೇಡಿ, ಆರು ತಿಂಗಳು ತಾಯಿ ಹಾಲು ಬಿಟ್ರೆ ನೀರೂ ಬೇಡ. ಚೀಪೋ ಶಕ್ತಿ ಇಲ್ಲ ಅಂದ್ರೆ ಹಾಲನ್ನ ಕೈಯಲ್ಲಿ ಹಿಂಡಿ ಒಳಲೆಯಲ್ಲೋ ಚಮಚದಲ್ಲೋ ಎರಡು ಗಂಟೆಗೊಂದ್ಸಲ ಕುಡಿಸಿ, ಒಳಲೆಯನ್ನ ಪ್ರತಿ ಸಲ ಕುದಿಸಿ ತೊಳೀರಿ. ಬಾಣಂತಿಗೆ ನೀರು ಕೊಡದೆ ಇರೋದು, ಬರೀ ಅನ್ನ ಮೆಣಸಿನ ಸಾರು ಕೊಡೋದು ಮಾಡಬೇಡಿ, ಅವಳು ಹೊಟ್ಟೆ ತುಂಬಾ ಉಂಡ್ರೆ ತಾನೇ ಕೂಸಿಗೆ ಹಾಲು.

ಥಂಡಿಗೆ ಮದ್ದು ನಿಮ್ಮ ಮಗಳ ಎದೆಯಲ್ಲೇ ಇದೆ. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಅಷ್ಟು ಹಾಕಿ ಬರಿ ಮೈಯನ್ನ ಅಮ್ಮನ ಎರಡು ಮೊಲೆ ಮಧ್ಯೆ ನೆಟ್ಟಗೆ ಇಟ್ಟು, ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಹಳೇ ಕಾಟನ್ ಸೀರೆಯಲ್ಲಿ ಇಬ್ಬರನ್ನೂ ಸುತ್ತಿ ಕಟ್ಟಿ, ಮೇಲೆ ಶಾಲು ಹೊದಿಸಿ. ಕಾಂಗರೂ ಆರೈಕೆ ಅಂತಾರೆ ಇದಕ್ಕೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲದೆ ಡಾಕ್ಟರ್‌ಗಳು ಶುರು ಮಾಡಿದ್ದು, ಈಗ ದೊಡ್ಡ ದೊಡ್ಡ ಆಸ್ಪತ್ರೆಗಳೂ ಇದನ್ನೇ ಮಾಡಿಸ್ತಾರೆ. ದಿನಕ್ಕೆ ಎಷ್ಟು ಹೆಚ್ಚು ಹೊತ್ತು ಆಗುತ್ತೋ ಅಷ್ಟು ಒಳ್ಳೇದು, ಮಗಳು ಸುಸ್ತಾದ್ರೆ ನೀವು ಕಟ್ಕೊಳ್ಳಿ, ಅಳಿಯಂದಿರೂ ಕಟ್ಕೋಬಹುದು. ಆಟೋ ಓಡಿಸೋ ಒಬ್ಬ ಹುಡುಗ ರಾತ್ರಿ ಪಾಳಿ ಮುಗಿಸಿ ಬಂದು ಕೈಕಾಲು ತೊಳ್ಕೊಂಡು ಬೆಳಗಿನ ಹೊತ್ತು ಮಗನನ್ನ ಎದೆಗೆ ಕಟ್ಕೊಂಡು ಗೋಡೆಗೆ ಒರಗಿ ಕೂತಿರ್ತಿದ್ದ, ಅವನ ಹೆಂಡ್ತಿ ಆಗ ಎರಡು ಗಂಟೆ ನಿದ್ದೆ ಮಾಡ್ತಿದ್ಳು, ನಾನು ತೂಕ ಮಾಡೋಕೆ ಹೋದಾಗಲೆಲ್ಲ ಅದೇ ದೃಶ್ಯ. ಆ ಕೂಸು 1.7 ಇದ್ದಿದ್ದು ಒಂದೂವರೆ ತಿಂಗಳಲ್ಲಿ ಎರಡೂವರೆ ಆಯ್ತು.

ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ಆಶಾ 3, 7, 14, 21, 28, 42ನೇ ದಿನ ಹೀಗೆ ಆರು ಸಲ ಬರಬೇಕು, ಕಾಯಬೇಡಿ, ಬರದಿದ್ರೆ ಕರೀರಿ. ಈ ಪದ್ಧತಿ ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ಅವರು 39 ಹಳ್ಳಿಗಳಲ್ಲಿ ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಮಾಡಿ ತೋರಿಸಿದ್ದು, ಅಲ್ಲಿ ನವಜಾತ ಶಿಶುಗಳ ಸಾವು ಅರ್ಧಕ್ಕಿಂತ ಹೆಚ್ಚು ಇಳೀತು ಅಂತ 1999ರಲ್ಲಿ ಪ್ರಕಟ ಆಯ್ತು, ಆಮೇಲೆ ಇಡೀ ದೇಶಕ್ಕೆ ಬಂತು. ಮಗು ಹಾಲು ಚೀಪದೆ ಇದ್ರೆ, ಪಾದ ಹೊಟ್ಟೆ ಎರಡೂ ತಣ್ಣಗಿದ್ರೆ, ಉಸಿರಾಡುವಾಗ ಎದೆ ಒಳಗೆ ಸೆಳೆದುಕೊಂಡ್ರೆ, ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರು ಇದ್ರೆ, ಅಂಗೈ ಅಂಗಾಲು ಹಳದಿ ಆದ್ರೆ, ಫಿಟ್ಸ್ ಬಂದ್ರೆ, ದೃಷ್ಟಿ ತೆಗೆದು ನೋಡೋಣ ಅಂತ ಕೂರಬೇಡಿ ಅಜ್ಜಿ, ಎದೆಗೆ ಕಟ್ಕೊಂಡೇ ಆಸ್ಪತ್ರೆಗೆ ಓಡಿ. ಒಂದು ವರ್ಷ ತುಂಬೋವರೆಗೂ ಸರ್ಕಾರಿ ಆಸ್ಪತ್ರೆಯಲ್ಲಿ ಮಗುವಿನ ಚಿಕಿತ್ಸೆ ಫ್ರೀ.

ಪ್ರಶ್ನೆ: ಒಂದು ವರ್ಷ ಎರಡು ತಿಂಗಳ ಮಗನಿಗೆ ಪದೇ ಪದೇ ಭೇದಿ. ಅಂಗಡಿಯಿಂದ ಓಆರ್‌ಎಸ್ ಜ್ಯೂಸ್ ತಂದು ಕೊಟ್ರೂ ಕಡಿಮೆ ಆಗಲ್ಲ.

ಉತ್ತರ: ಅಂಗಡಿಯ ಆ ಸಿಹಿ ಜ್ಯೂಸ್ ಓಆರ್‌ಎಸ್ ಅಲ್ಲ, ಸಕ್ಕರೆ ಜಾಸ್ತಿ ಇದ್ರೆ ಭೇದಿ ಇನ್ನೂ ಹೆಚ್ಚಾಗುತ್ತೆ. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಬರೀಬಾರದು ಅಂತ ಆದೇಶ ಮಾಡಿತು, ಒಬ್ಬ ಹೈದರಾಬಾದಿನ ಮಕ್ಕಳ ಡಾಕ್ಟರ್ ವರ್ಷಗಟ್ಟಲೆ ಹೋರಾಡಿದ್ದರ ಫಲ ಅದು. ಅಂಗನವಾಡಿ, ಆಶಾ ಹತ್ರ ಪುಡಿ ಪ್ಯಾಕೆಟ್ ಫ್ರೀಯಾಗಿ ಸಿಗುತ್ತೆ. ಇಡೀ ಪ್ಯಾಕೆಟ್ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. ಒಂದು ಲೋಟಕ್ಕೆ ಒಂದು ಚಿಟಿಕೆ ಅಂತ ಅಂದಾಜಲ್ಲಿ ಹಾಕೋದನ್ನ ನಾನು ಮನೆಮನೆಯಲ್ಲೂ ನೋಡಿದೀನಿ, ಅದು ತಪ್ಪು. ಒಂದು ಲೀಟರ್ ನೀರಿನ ಬಾಟಲಿ ಅಳತೆಗೆ ಇಟ್ಕೊಳ್ಳಿ. ಪ್ರತಿ ಸಲ ಭೇದಿ ಆದ್ಮೇಲೆ ಕಾಲು ಲೋಟದಿಂದ ಅರ್ಧ ಲೋಟ, ಚಮಚದಲ್ಲಿ ನಿಧಾನವಾಗಿ ಕೊಡಿ, ವಾಂತಿ ಮಾಡಿದ್ರೆ 10 ನಿಮಿಷ ಬಿಟ್ಟು ಮತ್ತೆ ಕೊಡಿ. 24 ಗಂಟೆ ಆದ್ಮೇಲೆ ಉಳಿದಿದ್ದು ಚೆಲ್ಲಿ. ಜೊತೆಗೆ ಜಿಂಕ್ ಮಾತ್ರೆ 14 ದಿನ ಪೂರ್ತಿ, ಭೇದಿ ಮೂರೇ ದಿನಕ್ಕೆ ನಿಂತ್ರೂ ಪೂರ್ತಿ. ಎದೆಹಾಲು, ಊಟ ನಿಲ್ಲಿಸಬೇಡಿ. ಮಲದಲ್ಲಿ ರಕ್ತ, ಕಣ್ಣು ಗುಳಿ ಬೀಳೋದು, ಎಬ್ಬಿಸಿದ್ರೂ ಮಂಪರು, ಕುಡಿಯೋಕೇ ಆಗದೆ ಇರೋದು ಕಂಡ್ರೆ ಮನೆ ಮದ್ದು ಮಾಡ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಈ ಉಪ್ಪು ಸಕ್ಕರೆ ನೀರಿನ, ಅಂದ್ರೆ ಓಆರ್‌ಎಸ್‌ನ ಮಹಿಮೆ ಗೊತ್ತಾಗಿದ್ದು ಇಂಥದ್ದೇ ಇಕ್ಕಟ್ಟಿನ ಜಾಗದಲ್ಲಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಪಶ್ಚಿಮ ಬಂಗಾಳದ ಬಂಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯ್ತಿದ್ದಾಗ ಡ್ರಿಪ್ ಬಾಟಲಿ ಮುಗಿದುಹೋಯ್ತು, ಡಾ. ದಿಲೀಪ್ ಮಹಲನಾಬಿಸ್ ಅವರು ಡ್ರಮ್ಮಿನಲ್ಲಿ ಕಲಸಿಟ್ಟು ರೋಗಿಗಳ ಮನೆಯವರ ಕೈಲೇ ಕುಡಿಸಿದ್ರು. ಮನೆಯವರ ಕೈಯಿಂದಲೇ ಆ ಶಿಬಿರದಲ್ಲಿ ಸಾವಿರಾರು ಜನ ಬದುಕಿದ್ದು.

ಪದೇ ಪದೇ ಬರ್ತಿದೆ ಅಂದ್ರೆ ನೀರು ನೋಡಿ, ಡ್ರಮ್ಮಿಗೆ ಮುಚ್ಚಳ ಇದೆಯಾ, ಲೋಟ ಅದ್ದಿ ತೆಗೀತೀರಾ ಅಂತ. ಅಂಗನವಾಡಿಯಲ್ಲಿ ತೋಳಿನ ಸುತ್ತಳತೆ ಟೇಪ್ ಹಾಕಿಸಿ, 12.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ರೆ ಮಗು ಸೊರಗಿದೆ ಅಂತ, 11.5ಕ್ಕಿಂತ ಕೆಳಗೆ ಬಂದ್ರೆ ಅವತ್ತೇ ಡಾಕ್ಟರ್ ಹತ್ರ ಹೋಗಬೇಕು.

ಪ್ರಶ್ನೆ: ಮೊದಲ ಹೆರಿಗೆಗೆ 5,000 ಬರುತ್ತಂತೆ, ನಿಜವಾ?

ಉತ್ತರ: ನಿಜ, ಮಾತೃ ವಂದನಾ ಯೋಜನೆ. ಮೊದಲ ಮಗುವಿಗೆ ಎರಡು ಕಂತಲ್ಲಿ 3,000 ಮತ್ತು 2,000, ಎರಡನೇದು ಹೆಣ್ಣು ಮಗು ಆದ್ರೆ 6,000. ಅಂಗನವಾಡಿಯಲ್ಲಿ ಅರ್ಜಿ. ಅಕೌಂಟ್ ತಾಯಿ ಹೆಸರಲ್ಲೇ ಇರಬೇಕು, ಆಧಾರ್ ಲಿಂಕ್ ಆಗಿರಬೇಕು.

ಪ್ರಶ್ನೆ: ನಾನೇ ಆಶಾ ಕಾರ್ಯಕರ್ತೆ, ಸ್ಲಂ ಏರಿಯಾ. ಬಾಗಿಲು ತಟ್ಟಿದ್ರೆ ಸರ್ವೆಯವರು ಬಂದ್ರು ಅಂತ ಮುಖಕ್ಕೇ ಮುಚ್ತಾರೆ. ತಿಂಗಳ ಸಭೆ ಕರೆದ್ರೆ ನಾಲ್ಕು ಜನ ಬರ್ತಾರೆ. ಬರೋ ದುಡ್ಡು ಗೊತ್ತಲ್ಲ ಮೇಡಂ. ಹೇಗೆ ಮುಂದುವರೆಸೋದು?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ದುಡ್ಡಿನ ಮಾತು ಮೊದಲು. 2025ರ ಜನವರಿ ಚಳಿಯಲ್ಲಿ ಸಾವಿರಾರು ಆಶಾಗಳು ಫ್ರೀಡಂ ಪಾರ್ಕಲ್ಲಿ ಹಗಲು ರಾತ್ರಿ ಕೂತಿದ್ದು ನ್ಯಾಯವಾದ ಹೋರಾಟ, ಇನ್ಸೆಂಟಿವ್ ಹೆಸರಲ್ಲಿ ಚೂರು ಚೂರು ಕೊಟ್ಟು ಪೂರ್ತಿ ದಿನದ ಕೆಲಸ ತಗೊಳ್ಳೋದು ಸರಿಯಲ್ಲ, ನಿಮ್ಮನ್ನ ಕಾರ್ಯಕರ್ತೆ ಅನ್ನದೆ ನೌಕರಳು ಅಂತ ಒಪ್ಪಿಕೊಳ್ಳಬೇಕು.

ಸಭೆಗೆ ಜನ ಬರಲ್ಲ ಅಂತ ಕೊರಗಬೇಡಿ. ಮುಂಬೈನ 48 ಸ್ಲಂ ಏರಿಯಾಗಳಲ್ಲಿ ಹೆಂಗಸರ ಗುಂಪು ಸಭೆಗಳನ್ನ ಮೂರು ವರ್ಷ ಪರೀಕ್ಷೆ ಮಾಡಿ ನೋಡಿದ್ರು, ಅರ್ಧ ಕಡೆ ಸಭೆ, ಅರ್ಧ ಕಡೆ ಇಲ್ಲ. ಹಳ್ಳಿಗಳಲ್ಲಿ ಇಂಥ ಗುಂಪುಗಳಿಂದ ಶಿಶು ಮರಣ ಇಳಿದಿತ್ತು, ಮುಂಬೈನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನಗರದಲ್ಲಿ ಆಸ್ಪತ್ರೆ ಹತ್ರ ಇದೆ, ನಮ್ಮ ರಾಜ್ಯದಲ್ಲೇ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗಿತ್ತು. ಅದೇ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತಹೀನತೆ. ಅಂದ್ರೆ ಹೆರಿಗೆಗೆ ಆಸ್ಪತ್ರೆ ಮುಟ್ಟಿಸಿದೀವಿ, ಅಲ್ಲಿಂದ ಮನೆಗೆ ಬಂದ್ಮೇಲೆ ಕೈಬಿಟ್ಟಿದೀವಿ. ನನ್ನ ಅನುಭವದಲ್ಲಿ ಆ ಜಾಗದಲ್ಲಿ ಕೆಲಸಕ್ಕೆ ಬರೋದು ಮನೆ ಭೇಟಿ, ಅದರಲ್ಲೂ ಅವರು ಮನೇಲಿ ಇರೋ ಹೊತ್ತಿನ ಭೇಟಿ.

ಬಾಗಿಲಲ್ಲಿ ನಿಂತು ರಿಜಿಸ್ಟರ್ ತೆಗೀಬೇಡಿ. ಮೊದಲು ಮಗುವಿನ ಹೆಸರು ಹಿಡಿದು ಕೇಳಿ, ಅತ್ತೆಯ ಮಂಡಿ ನೋವು ಕೇಳಿ, ಅವರು ಕೂತ್ಕೋ ಅಂದ್ಮೇಲೆ ನೆಲದ ಮೇಲೇ ಕೂತು ಮಾತಾಡಿ, ಬರೆಯೋದನ್ನ ಆಚೆ ಬಂದು ಬರೀರಿ. ಉರ್ದು, ತಮಿಳು, ತೆಲುಗು ಮಾತಾಡೋ ಗಲ್ಲಿ ಆದ್ರೆ ಹತ್ತು ಮಾತಾದ್ರೂ ಕಲೀರಿ. ಪ್ರತಿ ಗಲ್ಲಿಯಲ್ಲೂ ಎಲ್ಲರ ಸುದ್ದಿ ಗೊತ್ತಿರೋ ಒಬ್ಬ ಹೆಂಗಸು ಇರ್ತಾಳೆ, ನಲ್ಲಿ ಹತ್ರ ಇಲ್ಲಾ ಚಿಲ್ಲರೆ ಅಂಗಡಿಯಲ್ಲಿ, ಅವಳನ್ನ ಮಹಿಳಾ ಆರೋಗ್ಯ ಸಮಿತಿಗೆ ಸೇರಿಸಿ. 50ರಿಂದ 100 ಮನೆಗೊಂದು ಸಮಿತಿ, ವರ್ಷಕ್ಕೆ 5,000 ರೂಪಾಯಿ ಅದರ ಕೈಗೇ ಬರುತ್ತೆ. ಬ್ಯಾನರ್‌ಗೆ ಖರ್ಚು ಮಾಡಬೇಡಿ, ರಾತ್ರಿ ಹೆರಿಗೆ ನೋವು ಬಂದಾಗ ಆಟೋ ಬಾಡಿಗೆಗೆ ಅಂತ ಎತ್ತಿಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಹಿಂದೆಯೇ ಒಂದು ಸ್ಲಂ ಇದೆ. ನಾವು ಕೆಲವು ಗೆಳತಿಯರು ಏನಾದ್ರೂ ಮಾಡಬೇಕು ಅಂತಿದೀವಿ, ಹಾಲಿನ ಪುಡಿ ಹಂಚೋಣ ಅಂತ.

ಉತ್ತರ: ಹಾಲಿನ ಪುಡಿ ದಯವಿಟ್ಟು ಬೇಡ. ಪುಡಿ ಡಬ್ಬ ಬಂದ್ರೆ ಎದೆಹಾಲು ಬಿಡಿಸ್ತಾರೆ, ಡಬ್ಬ ಮುಗೀಬಾರದು ಅಂತ ನೀರು ಜಾಸ್ತಿ ಹಾಕ್ತಾರೆ, ಆ ನೀರು ಎಂಥದ್ದು ಅಂತ ಮೇಲೆ ಬರೆದಿದೀನಿ. ನಿಮ್ಮ ಮನೆಗೆಲಸಕ್ಕೆ ಬರೋ ಹೆಂಗಸು ಬಸುರಿನಾ, ಅವಳ ಮನೇಲಿ ಚಿಕ್ಕ ಮಗು ಇದೆಯಾ ಅಂತ ಮೊದಲು ಕೇಳಿ. ಇದ್ರೆ ತಪಾಸಣೆ ದಿನ ಸಂಬಳ ಕಡಿದುಕೊಳ್ಳದೆ ರಜೆ ಕೊಡಿ, ಹೆರಿಗೆ ಆದ್ಮೇಲೆ ಮೂರು ತಿಂಗಳಾದ್ರೂ ಸಂಬಳ ಕೊಟ್ಟು ಅವಳ ಕೆಲಸ ಅವಳಿಗೇ ಉಳಿಸಿ. ಲಸಿಕೆ ಗುರುವಾರ ಇರುತ್ತೆ, ಹಂಗಾಗಿ ಆ ರಜೆ ಕೊಡೋದನ್ನ ಈ ಗುರುವಾರದಿಂದಲೇ ಶುರು ಮಾಡಿ.